ಸೋಪಿನ ನೀರು

ರೆಯ್ನೊ ಕಂಗಸ್‌ಗೆ ಎಡಗಿವಿ ಕೇಳುವುದಿಲ್ಲ.
ಮೂವತ್ತೊಂದು ವರ್ಷ ಶಾಲೆಯ ಬಸ್ಸುಗಳ ಎಂಜಿನ್ನಿಗೆ ತಲೆ ಕೊಟ್ಟವನು;
ಬಲಗಿವಿಯೂ ಅಷ್ಟಕ್ಕಷ್ಟೆ.
ಅದಕ್ಕೇ ಇರಬೇಕು, ಅವನು ಕಲಿಸಿದ ಮೊದಲ ಪಾಠ:
‘ಸೋರುವುದನ್ನು ಕೇಳಬೇಡ, ನೋಡು.’

ಕ್ಯಾಲುಮೆಟ್, ಜನವರಿ ಮೊದಲ ವಾರ.
ಗ್ಯಾರೇಜಿನ ಬಾಗಿಲಿಗೆ ಎದೆಮಟ್ಟ ಹಿಮ.
ಒಳಗೊಂದು ಹಳೆಯ ಫ್ರಿಜ್ಜು, ಫ್ರಿಜ್ಜಿನೊಳಗೆ ಉರಿಯುವ ಬಲ್ಬು.
ನಮ್ಮಲ್ಲಿ ಈ ತಿಂಗಳು ಫ್ರಿಜ್ಜು ಯಾವುದನ್ನೂ ತಂಪು ಮಾಡುವುದಿಲ್ಲ,
ಹೆಪ್ಪುಗಟ್ಟದಂತೆ ಕಾಯುತ್ತದೆ, ಅಷ್ಟೆ.

ಹೋದ ಚಳಿಗಾಲ ಬಾಟಲಿಗೆ ತುಂಬಿದ್ದೆ.
ಸಕ್ಕರೆ ಒಂದು ಚಮಚ ಹೆಚ್ಚಾಗಿ
ನಡುರಾತ್ರಿ ಮೂರು ಸಿಡಿದವು.
ಎದುರುಮನೆಯ ಹಿಲ್ಮಾ ಗುಂಡಿನ ಸದ್ದೆಂದು
ದೀಪ ಹಾಕಿ, ಮತ್ತೆ ಆರಿಸಿ, ನೆಲದ ಮೇಲೆ ಮಲಗಿದಳಂತೆ.
ಆಮೇಲೆ ಕೊಂಡೆ ಈ ಉಕ್ಕಿನ ಕೆಗ್ಗು.
ಹಿಂದೆ ಸೋಡಾ ಕಂಪನಿಯದು.
ಉಕ್ಕು ಮರೆತರೂ ರಬ್ಬರು ಮರೆಯುವುದಿಲ್ಲ,
ಮೂಸಿದರೆ ಇನ್ನೂ ಯಾವುದೋ ಮಗುವಿನ ಹುಟ್ಟುಹಬ್ಬ.
ಹಳೆಯ ಐದು ಬಳೆ ಬಿಚ್ಚಿದೆ, ಹೊಸ ಐದು ತೊಡಿಸಿದೆ.

ಗೀರಿರುವ ಮೂತಿ ಗಾಳಿಗೆ, ಗೀರಿಲ್ಲದ್ದು ಬಿಯರಿಗೆ.
ಅದಲುಬದಲಾಯಿತೋ, ನಾಯಿಯಂತೆ ಕಚ್ಚಿ ಹಿಡಿಯುತ್ತದೆ.
ಎತ್ತರದಿಂದ ಸುರಿಯಬೇಡ, ಸದ್ದೇ ಆಗಬಾರದು,
ನಿದ್ದೆಹೋದ ಮಗುವನ್ನು ತೊಟ್ಟಿಲು ಬದಲಿಸಿದ ಹಾಗೆ.
ಆಮೇಲೆ ಮುಚ್ಚಳ, ಆಮೇಲೆ ಗ್ಯಾಸು,
ಹನ್ನೆರಡು ಪೌಂಡು, ಹನ್ನೆರಡು ದಿನ.
‘ಆಮೇಲೆ?’
‘ಆಮೇಲೆ ಏನಿಲ್ಲ. ಹನ್ನೆರಡು ದಿನ.’

ಸೋಪಿನ ನೀರು ಹಚ್ಚಲಿಲ್ಲ ನಾನು.
ಎರಡೂ ಕಿವಿ ನೆಟ್ಟಗಿರುವವಳಿಗೆ ಯಾಕೆ?
ಕಿವಿಗೊಟ್ಟೆ, ಬುಸ್ಸೆನ್ನಲಿಲ್ಲ, ಬೀಗ ಹಾಕಿ ಮಲಗಿದೆ.
ಐದನೆಯ ಬೆಳಿಗ್ಗೆ
ಮುಳ್ಳು ಸೊನ್ನೆಯ ಮೇಲೆ ತಲೆಯಿಟ್ಟಿತ್ತು.
ಸಿಲಿಂಡರು ತುಂಬಿಕೊಡುವ ವೆಲ್ಡಿಂಗ್ ಅಂಗಡಿ ಹ್ಯಾಂಕಾಕ್‌ನಲ್ಲಿ,
ಹ್ಯಾಂಕಾಕ್ ಬಿರುಗಾಳಿಯ ಆಚೆಗೆ.

ಬೈಯಲಿಲ್ಲ ರೆಯ್ನೊ.
ಮೊಮ್ಮಗಳ ಜಾರುಗಾಡಿಗೆ ತನ್ನ ಸಿಲಿಂಡರು ಕಟ್ಟಿ
ಬೀದಿಯುದ್ದಕ್ಕೂ ಎಳೆದು ತಂದ.
ಬ್ರಷ್ಷಿನಿಂದ ಮುಚ್ಚಳದ ಸುತ್ತ ಪಾತ್ರೆ ತೊಳೆಯುವ ಸೋಪು ಬಳಿದ.
ಒಂದೇ ಕಡೆ, ಕಪ್ಪೆಮೊಟ್ಟೆಯಂತೆ,
ಗುಳ್ಳೆ, ಗುಳ್ಳೆ, ಗುಳ್ಳೆ.
ಬಳೆಯ ಕೆಳಗೆ ಸಿಕ್ಕಿದ್ದು ಒಂದೇ ಒಂದು ಕೂದಲು.
ಬೆಳಕಿಗೆ ಹಿಡಿದು ನೋಡಿದ, ನನ್ನ ತಲೆ ನೋಡಿದ,
ಕೂದಲನ್ನು ನನ್ನ ಕೈಗೇ ಕೊಟ್ಟ.

ಅಣ್ಣ ಅರ್ವೊ ಅದಿರು ಹೊರುವ ಹಡಗಿನ ಅಡುಗೆಯವನು.
ಸೂ ಲಾಕಿನ ಬಾಗಿಲು ಮುಚ್ಚಿದ ಮೇಲೆಯೇ ಮನೆಗೆ.
ಇನ್ನು ಉಳಿದದ್ದು ಆರು ದಿನ, ಹನ್ನೆರಡಲ್ಲ.
ಅಳೆದೂ ಸುರಿದೂ ಎರಡು ರಾತ್ರಿ ಕಳೆದೆ,
ಮೂರನೆಯದಕ್ಕೆ ಮೂವತ್ತು ಪೌಂಡಿಗೆ ಏರಿಸಿ
ಕೆಗ್ಗನ್ನು ತೊಡೆಯ ಮೇಲೆ ಮಲಗಿಸಿ ಅಲ್ಲಾಡಿಸಿದೆ,
ತೋಳು ಸೋಲುವ ತನಕ.
ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಅರ್ವೊ ಬಂದ. ಬೂಟು ಬಿಚ್ಚುವ ಮೊದಲೇ ಗ್ಲಾಸು ಹಿಡಿದ.
ನಲ್ಲಿ ತಿರುಗಿಸಿದೆ, ನೊರೆ.
ಇನ್ನೂ ತಿರುಗಿಸಿದೆ, ನೊರೆ. ಜಗ್ಗು ತುಂಬ ನೊರೆ,
ಮೇಜು, ಮೊಣಕೈ, ನೆಲ.
ನನ್ನ ಮುಖದಲ್ಲಿ ಏನು ಕಂಡನೋ,
ಅವನು ಕುರ್ಚಿ ಎಳೆದು ಗ್ಲಾಸಿನ ಮುಂದೆ ಕೂತ.
‘ಲಾಕಿನಲ್ಲೂ ಹೀಗೆಯೇ,’ ಅಂದ,
‘ನೀರು ಇಳಿಯುವ ತನಕ ಹಡಗು ಕದಲುವಂತಿಲ್ಲ.
ಕ್ಯಾಪ್ಟನ್ ಕೂಡ ಇಸ್ಪೀಟು ಆಡುತ್ತಾನೆ.’

ನಾವು ಮೂವರೂ ನೋಡುತ್ತ ಕೂತೆವು.
ಬಿಳಿ ಇಳಿಯಿತು, ಬೆರಳಷ್ಟು ಕಂದು ಮೇಲೆದ್ದಿತು.
ರೆಯ್ನೊ ಬಗ್ಗಿ ಬಲಗಿವಿಯನ್ನು ಗ್ಲಾಸಿನ ಅಂಚಿಗೆ ಇಟ್ಟ.
ಒಡೆಯುವ ನೊರೆಗೂ ಒಂದು ಸದ್ದಿದೆ,
ದೂರದಲ್ಲಿ ಯಾರೋ ಎಣ್ಣೆಗೆ ಸಾಸಿವೆ ಹಾಕಿದಂತೆ.
ಕೇಳಿಸಿತೇ ಎಂದು ಕೈಸನ್ನೆಯಲ್ಲಿ ಕೇಳಿದೆ.

ಅವನು ನಲ್ಲಿಯ ಹಿಂದೆ ಕೈ ಹಾಕಿ
ನನ್ನ ಮೂರಡಿ ಕೊಳವೆಯನ್ನು ಎಳೆದು ತೋರಿಸಿದ.
‘ಹತ್ತಡಿ,’ ಅಂದ. ‘ಹತ್ತಡಿ ತಾ ಅಂದಿದ್ದೆ.
ನನಗಿಂತ ಕಿವುಡಿ ನೀನು.’