ಕಾಲುಚೀಲ

ವಿನ್ನಿಪೆಗ್, ಮೈನಸ್ ಮೂವತ್ತೊಂದು.
ಒಂದೇ ಕಾರಿನಲ್ಲಿ ಬಂದಿದ್ದರು
ಪೊಲೀಸು ಡುಸೆಟ್, ಮಾನಸಿಕ ಆಸ್ಪತ್ರೆಯ ನರ್ಸ್ ಲೂರ್ದೆಸ್.

ಅಡುಗೆಮನೆಯಲ್ಲಿ ಬೊಹ್ದಾನ್, ಕೈಯಲ್ಲಿ ಬ್ರೆಡ್ಡು ಕೊಯ್ಯುವ ಚಾಕು.
ಫ್ರಿಜ್ಜಿನ ವೈರು ಕಿತ್ತಿದ್ದ:
ರಾತ್ರಿಯೆಲ್ಲ ಬೈಯುತ್ತದಂತೆ.

"ಬೂಟು!" ಅರಚಿದ. "ನೆಲ ಈಗಷ್ಟೇ ಒರೆಸಿದ್ದೇನೆ!"

ಡುಸೆಟ್‌ನ ಕೈ ಸೊಂಟದತ್ತ ಹೋಗಿ,
ಅರೆಗಳಿಗೆ ಅಲ್ಲೇ ನಿಂತು,
ಲೂರ್ದೆಸಳ ಮುಖ ನೋಡಿ
ಕೆಳಗಿಳಿಯಿತು, ಲೇಸಿಗೆ.
ಹನ್ನೆರಡು ವರ್ಷದ ಪೊಲೀಸು, ಮಂಡಿಯೂರಿ
ಹಿಮ ಕಟ್ಟಿದ ಗಂಟು ಬಿಚ್ಚುತ್ತಿದ್ದ.

"ಏನಂತ ಬೈಯುತ್ತೆ?" ಅವಳು ಕೇಳಿದಳು
ಬೀಗಿತ್ತಿಯ ಸುದ್ದಿ ಕೇಳುವ ಹಾಗೆ.

ಬೊಹ್ದಾನ್ ಉತ್ತರಿಸಲಿಲ್ಲ. ನೋಡುತ್ತಿದ್ದ
ಎಡಗಾಲುಚೀಲದ ತೂತು,
ಹೊರಗಿಣುಕಿದ ಹೆಬ್ಬೆರಳು.

"ಹೊಲಿದುಕೊಡೋರಿಲ್ವಾ ನಿನಗೆ?"

"ಇಲ್ಲ," ಎಂದ ಡುಸೆಟ್. ಅದು ನಿಜವಾಗಿತ್ತು.

ಚಾಕು ಸಿಂಕಿಗೆ ಬಿದ್ದ ಸದ್ದಿಗೆ
ಮೂವರೂ ಬೆಚ್ಚಿದರು.