ಎರಡೂವರೆ ಸಾವಿರ ಮೀಟರಿನಲ್ಲಿ ಶೇಂಗಾ ಸೂಪು

ಕೊಚಬಾಂಬದ ಬಸ್ ನಿಲ್ದಾಣದ ಎದುರು
ನನ್ನ ಅಂಗಡಿ. ಒಂದು ಒಲೆ, ಎರಡು ಬೆಂಚು.
ಮೇಲಿಂದ ಬಂದವರು ಸ್ವೆಟರ್ ಬಿಚ್ಚುತ್ತಾರೆ,
ಕೆಳಗಿಂದ ಬಂದವರು ತೊಡುತ್ತಾರೆ,
ನಡುವೆ ನಾನು ಸೌಟು ಹಿಡಿದು ನಿಂತಿರುತ್ತೇನೆ.

ತಿಂಗಳ ಮೊದಲ ಭಾನುವಾರ
ಎಡಗಡೆ ಬೆಂಚು ಒರೆಸಿಡುತ್ತೇನೆ.
ಓರುರೋ ಬಸ್ಸಿನಿಂದ ಸತುರ್ನೀನ ಇಳಿಯುತ್ತಾಳೆ.
ಒಂದು ಗಂಟೆಯ ಮೇಲೆ, ಕೆಲವೊಮ್ಮೆ ಎರಡು,
ಚಪಾರೆಯ ಕಡೆಯಿಂದ ಫೊರ್ತುನಾತೊ ಹತ್ತಿ ಬರುತ್ತಾನೆ.
ಗಂಡ ಹೆಂಡಿರು. ಜಗಳವಾಡಿ ಬೇರೆಯಾದವರಲ್ಲ.

ಮೊದಲು ಕೈಕೊಟ್ಟದ್ದು ಅವನ ರಕ್ತ.
ಅಲ್ಲಿ ಮೇಲೆ, ನಾಲ್ಕು ಸಾವಿರ ಮೀಟರಿನಲ್ಲಿ,
ಗಾಳಿ ಜಿಪುಣ; ಅದಕ್ಕೆ ಹೆದರಿದ ಮೈ
ರಕ್ತ ಕೂಡಿಡತೊಡಗುತ್ತದಂತೆ,
ಯುದ್ಧ ಕಂಡ ಅಜ್ಜಿ ಸಕ್ಕರೆ ಬಚ್ಚಿಟ್ಟ ಹಾಗೆ.
ತುಟಿ ನೇರಳೆ ತಿಂದಂತೆ, ಕಿವಿಯಲ್ಲಿ ಜೀರುಂಡೆ,
ಮೂರು ಮೆಟ್ಟಿಲಿಗೊಮ್ಮೆ ಕೂರಬೇಕು.
ಡಾಕ್ಟರು ತೋಳಿನಿಂದ ಅರ್ಧ ಲೀಟರು ತೆಗೆದರು.
ಕಾಕಂಬಿಯಂತಿತ್ತು ಎಂದಳು ಸತುರ್ನೀನ.
ತಿಂಗಳೊಳಗೆ ಮತ್ತೆ ತುಂಬಿಕೊಂಡಿತು.
ಆಗ ಚೀಟಿಯಲ್ಲಿ ಬರೆದದ್ದು ಒಂದೇ ಪದ: ಇಳಿ.

ಜ್ವರಕ್ಕೆ ಹೇಳುವ ಮಾತದು.
ಹೊತ್ತಿಗೆ, ಬೆಲೆಗೆ, ಅಮಲಿಗೆ ಹೇಳುವುದು.
ಮನುಷ್ಯನಿಗೆ ಹೇಳಿದರೆ ಮನೆ ಕೀಳಬೇಕಾಗುತ್ತದೆ.

ಕಿತ್ತರು. ಲಾಮಾಗಳನ್ನು ತಂಗಿಗೆ ಕೊಟ್ಟು,
ಹಿಮದಲ್ಲಿ ಒಣಗಿಸಿದ ಆಲೂಗಡ್ಡೆ ಎರಡು ಮೂಟೆ ಹೊತ್ತು
ಕಿತ್ತಳೆಯೂ ಸೆಕೆಯೂ ಬೆಳೆಯುವಲ್ಲಿಗೆ ಹೋದರು.
ಫೊರ್ತುನಾತೊ ಒಂದೇ ಉಸಿರಿಗೆ ಒಂದು ಹಾಡು ಮುಗಿಸಿದ.
ತುಟಿಗೆ ತುಟಿಯ ಬಣ್ಣ ಬಂತು.
ಆಲೂಗಡ್ಡೆಗೆ ಬೂಷ್ಟು ಬಂತು.
ಎರಡನೆಯ ಮಳೆಗಾಲ ಸೊಳ್ಳೆ
ಅವಳನ್ನು ಹುಡುಕಿಕೊಂಡು ಬಂತು.

ಡೆಂಗಿ. ಒಮ್ಮೆ ಬಂದಾಗ ಮೂಳೆ ಮೂಳೆ ಜಜ್ಜಿ ಹೋಯಿತು,
ಇನ್ನೊಮ್ಮೆ ಬಂದಾಗ ಒಸಡಿನಲ್ಲಿ ರಕ್ತ.
ಮತ್ತೊಮ್ಮೆ ಬೇಡ ಎಂದರು ಅಲ್ಲಿನ ಡಾಕ್ಟರು.
ಅವರ ಅಕ್ಷರ ಬೇರೆ, ಚೀಟಿ ಬೇರೆ;
ಅದರಲ್ಲಿದ್ದದ್ದು: ಹತ್ತು.

ಈಗ ಅವಳು ಮೇಲೆ ತಂಗಿಯ ಮನೆಯಲ್ಲಿ,
ಅವನು ಕೆಳಗೆ ಬಾಡಿಗೆ ಗುಡಿಸಲಲ್ಲಿ.
ನಡುವೆ ಗಡಿಯಿಲ್ಲ, ಪೊಲೀಸರಿಲ್ಲ,
ಮೈಯೇ ಚೆಕ್‌ಪೋಸ್ಟು.

ನನ್ನ ಬೆಂಚಿನಲ್ಲಿ ಮಾತ್ರ ಎರಡು ಮೈಗಳಿಗೂ ಒಪ್ಪಿಗೆ.
ಅವನು ಕಿತ್ತಳೆ ಸುಲಿದು ಕೊಡುತ್ತಾನೆ,
ಅವಳು ಗಂಟು ಬಿಚ್ಚಿ ಸೂಪಿಗೆ ಕಪ್ಪು ಗಡ್ಡೆ ಹಾಕುತ್ತಾಳೆ.
ನನ್ನ ಸೂಪಿಗೆ! ಬೇರೆ ಯಾರಾದರೂ ಆಗಿದ್ದರೆ
ಎಬ್ಬಿಸಿ ಕಳಿಸುತ್ತಿದ್ದೆ.
ಅವನ ಉಗುರು ಹಿಡಿದು ಬೆಳಕಿಗೆ ತಿರುಗಿಸುತ್ತಾಳೆ.
ನೀಲಿ ಇಲ್ಲ.
ಅವನು ಅವಳ ತೋಳಿನ ಮೇಲೆ ಕಚ್ಚಿದ ಗುರುತು ಹುಡುಕುತ್ತಾನೆ.
ಮೇಲೆ ಆ ಚಳಿಯಲ್ಲಿ ಸೊಳ್ಳೆಯೇ ಇಲ್ಲ, ಅವನಿಗೂ ಗೊತ್ತು.
ಆದರೂ ಹುಡುಕುತ್ತಾನೆ, ತೋಳು ಮುಗಿಯುವವರೆಗೆ.

ಇಲ್ಲೇ ಇದ್ದುಬಿಡಿ ಎಂದೆ ಒಮ್ಮೆ.
ನಕ್ಕರು. ಇಲ್ಲಿ ಅವಳಿಗೆ ಹೊಲವಿಲ್ಲ,
ಅವನಿಗೆ ತೋಟದ ಕೂಲಿಯಿಲ್ಲ.
ಈ ಎತ್ತರ ಎಲ್ಲರ ಮೈಗೂ ಹಿಡಿಸುವುದರಿಂದ
ಬಾಡಿಗೆಯೊಂದು ಏದುಸಿರಿಲ್ಲದೆ ಬೆಟ್ಟ ಹತ್ತುತ್ತಿದೆ.

ಮೊನ್ನೆ ಭಾನುವಾರ, ಬಟ್ಟಲು ಬರಿದಾದ ಮೇಲೆ,
ಸತುರ್ನೀನ ಒಲೆಯ ಹಿಂದಿನ ಕೋಣೆಗೆ ಇಣುಕಿದಳು.
ಸೌದೆ, ಮುರಿದ ಕುರ್ಚಿ, ಶೇಂಗಾ ಚೀಲ.
ಏನೂ ಕೇಳಲಿಲ್ಲ. ಹೆಜ್ಜೆಯಿಂದ ಉದ್ದ ಅಳೆದಳು. ಐದು.
ಅಗಲ ಅಳೆಯುವಷ್ಟರಲ್ಲಿ
ಮೇಲಿನ ಬಸ್ಸು ಕೂಗಿತು.

ಶೇಂಗಾ ಚೀಲ ನಾನಿನ್ನೂ ಜರುಗಿಸಿಲ್ಲ.
ಸೌದೆಯನ್ನಂತೂ ಹೊರಗೆ ಹಾಕಿದ್ದೇನೆ.