ಕಂಬ ಇಳಿಸಿದ ದಿನ

ಮೂರು ವರ್ಷ ಈ ಕಂಬ ಗಾಳಿಯನ್ನು ಎಣಿಸಿತು.
ಹತ್ತು ನಿಮಿಷಕ್ಕೊಂದು ಅಂಕಿ,
ಹಗಲೆನ್ನದೆ ಇರುಳೆನ್ನದೆ, ಮೈನಸ್ ಮೂವತ್ತೊಂದರಲ್ಲೂ.
ಬಟ್ಟಲುಗಳ ಮೇಲೆ ಹಿಮ ಕೂತು ಹೆಪ್ಪುಗಟ್ಟಿದ
ಹನ್ನೊಂದು ದಿನ ಬಿಟ್ಟು.
ಆ ಸಾಲುಗಳು ನನ್ನ ಪುಸ್ತಕದಲ್ಲಿ ಖಾಲಿ.

ಇವತ್ತು ನಾನು, ಔಲಿಸ್ ಇಬ್ಬರೂ ಇಳಿಸಲು ಬಂದಿದ್ದೇವೆ.
ಪೂರ್ವ ಫಿನ್ಲೆಂಡಿನ ಈ ಪೈನ್ ಕಾಡಿನಿಂದ
ಗಡಿಗೆ ಕಾರಿನಲ್ಲಿ ಅರ್ಧ ಗಂಟೆ.
ಗಾಳಿಗೆ ಎಷ್ಟೋ, ನಾನು ಲೆಕ್ಕ ಹಾಕಿಲ್ಲ.

ಪತ್ರ ಬಂದದ್ದು ಫೆಬ್ರುವರಿಯಲ್ಲಿ, ಸೇನೆಯ ಕಚೇರಿಯಿಂದ.
ಒಂದೂವರೆ ಪುಟ; ಅರ್ಧ ಪುಟ ವಿಳಾಸಗಳೇ.
ಮೂವತ್ತೆರಡು ಗಾಳಿಯಂತ್ರಕ್ಕೆ ಒಪ್ಪಿಗೆ ಇಲ್ಲ.
ಕಾರಣ: ವಾಯುನಿಗಾ.
ಯಾವ ಗುಡ್ಡದ ಮೇಲಿನ ಕಣ್ಣು, ಎಷ್ಟು ದೂರ ಕಾಣುತ್ತದೆ,
ಎಷ್ಟು ಎತ್ತರದ ಕೆಳಗೆ ಮಂಜಾಗುತ್ತದೆ,
ಹೇಳುವಂತಿಲ್ಲ.
ಹೇಳಿದ ದಿನವೇ ಅದು ಕುರುಡು.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ.
ಗಾಳಿ ಬಂದಿದೆ, ರಾಶಿಯೂ ಬಿದ್ದಿದೆ.
ಮೊರ ಎತ್ತಿದರೆ
ಹೊಟ್ಟು ಹಾರಿ ಕಾವಲುಗಾರನ ಕಣ್ಣಿಗೆ ಬೀಳುತ್ತದಂತೆ.

ಕೊನೆಯ ಸಭೆಗೆ ಒಬ್ಬ ಕ್ಯಾಪ್ಟನ್ ಬಂದಿದ್ದ,
ಶಾಲೆಯ ಊಟದ ಕೋಣೆಗೆ. ಎಳೆಯ ಮುಖ.
ರಾಡಾರ್ ನೋಡುವುದು ಚಲಿಸುವುದನ್ನು, ಅಂದ.
ರೆಕ್ಕೆಯ ತುದಿ ಸಣ್ಣ ವಿಮಾನದ ವೇಗದಲ್ಲಿ ಸುತ್ತುತ್ತದೆ.
ತಿರುಗುವ ಮೂವತ್ತೆರಡರ ಬೆನ್ನ ಹಿಂದೆ
ಮೂವತ್ತಮೂರನೆಯದು ಹಾರಿಬಂದರೆ ಗುರುತಿಸುವುದು ಹೇಗೆ?
ಹಾಗಾದರೆ ಈ ಶಾಲೆಯ ಖರ್ಚು ಯಾರು ಕೊಡುತ್ತಾರೆ,
ಅಡುಗೆಯಾಕೆ ಕೇಳಿದಳು.
ಅವನು ತನ್ನ ಬೂಟು ನೋಡಿಕೊಂಡ.
ಹಿಮ ಕರಗಿ ಕೆಳಗೆ ನೀರಾಗಿತ್ತು.
ಅದು ನನಗೆ ಕೊಟ್ಟ ಕಾಗದದಲ್ಲಿ ಇಲ್ಲ, ಅಂದ, ಮೆಲ್ಲಗೆ.

ಪಶ್ಚಿಮ ಕರಾವಳಿಯಲ್ಲಿ ಸಾಲುಸಾಲಾಗಿ ತಿರುಗುತ್ತಿವೆ.
ಅಲ್ಲಿನ ಊರಿಗೆ ಹೊಸ ಈಜುಕೊಳ.
ಒಂದೇ ದೇಶ. ಅಲ್ಲಿ ಬೀಸಿದರೆ ತೆರಿಗೆ,
ಇಲ್ಲಿ ಬೀಸಿದರೆ ಗಾಳಿ, ಅಷ್ಟೇ.

ಮೂರು ಯಂತ್ರದಷ್ಟು ನೆಲ ಇರ್ಯಾ ತುರ್ತಿಯಾಯ್ನೆನ್‌ಳದು.
ಎಪ್ಪತ್ತನಾಲ್ಕು ವರ್ಷ. ಕಾಫಿ ತಂದಳು, ಬೈಯಲಿಲ್ಲ.
ಅಮ್ಮ ಹದಿನೇಳರಲ್ಲಿ, ಯುದ್ಧದ ಕಾಲ,
ಅಗೋ ಆ ದಿಬ್ಬದ ಮರದ ಅಟ್ಟದ ಮೇಲೆ ಕೂರುತ್ತಿದ್ದಳು.
ಕೆಲಸ: ಕಿವಿಗೊಡುವುದು. ವಿಮಾನದ ಸದ್ದು ಬಂದರೆ
ಫೋನಿನ ಹಿಡಿ ತಿರುಗಿಸುವುದು.
ಮೋಡ ಮುಸುಕಿದ ದಿನ ಕೆಳಗಿನ ಗರಗಸದ ಗಿರಣಿ
ನಿಲ್ಲಿಸಬೇಕು, ಏನೂ ಕೇಳಿಸುವುದಿಲ್ಲ, ಅಂದಳು.
ನಿಲ್ಲಿಸಿದರು. ಆ ಶರತ್ಕಾಲವೆಲ್ಲ ಮೋಡ.
ಗಿರಣಿಯವನು ಮುಳುಗಿದ.
ಸಾಯುವವರೆಗೆ ನಮ್ಮ ಮನೆಯವರ ಜತೆ ಮಾತಾಡಲಿಲ್ಲ.
ನಾನು ಅವನ ಮಗನನ್ನೇ ಮದುವೆಯಾದೆ.
ಮದುವೆಗೂ ಬರಲಿಲ್ಲ.

ವಿಮಾನ ಬಂದಿತ್ತೇ? ಔಲಿಸ್ ಕೇಳಿದ.
ಅಮ್ಮನ ಪುಸ್ತಕದಲ್ಲಿ ಎರಡು ಬರೆದಿದೆ.
ಒಂದು, ಆಮೇಲೆ ಗೊತ್ತಾಯಿತು, ಕಾಡುಬಾತುಗಳ ಸಾಲು.

ಇನ್ನೊಂದು?
ಅವಳು ಲೋಟಗಳನ್ನು ಎತ್ತಿಕೊಂಡಳು.

ತಂತಿ ಸಡಿಲಿಸಿದೆವು. ಕಂಬ ವಾಲುತ್ತಿದ್ದಾಗ
ಎರಡು ಯುದ್ಧವಿಮಾನ ಕಾಡಿನ ತಲೆ ಸವರಿ ಹೋದವು.
ಸದ್ದು ಕೇಳಿ ತಲೆ ಎತ್ತುವಷ್ಟರಲ್ಲಿ
ಬರೀ ಆಕಾಶ, ನಡುಗುವ ಪೈನ್ ಮುಳ್ಳು.
ನಮ್ಮವೇ, ಅಂದ ಔಲಿಸ್.
ಹೌದು, ಅಂದೆ. ಇಬ್ಬರೂ ಉಸಿರು ಬಿಟ್ಟೆವು.
ಆ ಉಸಿರು ನನ್ನದೇ, ಅಲ್ಲಗಳೆಯಲಾರೆ.
ಮೂರು ವರ್ಷದ ಅಂಕಿಗಳೂ ನನ್ನವೇ.

ಕೊನೆಯ ಓದು ಸೆಕೆಂಡಿಗೆ ಏಳೂವರೆ ಮೀಟರ್.
ಬರೆದು ಗೆರೆ ಎಳೆದೆ.

ದಾರಿಯಲ್ಲಿ ಔಲಿಸ್ ಹಿಂದಿರುಗಿ ನೋಡಿ ಹೇಳಿದ:
ಬಟ್ಟಲುಗಳನ್ನು ಕಟ್ಟಲು ಮರೆತೆವು, ತಿರುಗುತ್ತಿವೆ.
ಗಾಡಿ ಓಡಿದ ಗಾಳಿಗೆ, ಯಾವ ತಂತಿಗೂ ಸೇರದೆ.
ನಿಲ್ಲಿಸಲೇ?

ಮುಂದೆ ಹಿಮಗಾಡಿಯೊಂದು ನಿಧಾನ ಹೋಗುತ್ತಿತ್ತು.
ಅದನ್ನು ದಾಟಿದ ಮೇಲೆ ನೋಡೋಣ, ಅಂದೆ.